ಟ್ರೌಟ್ ಗಾಳ, ಕ್ಯಾಮೆರಾ ಮತ್ತು ನಮ್ಮ ಹಳ್ಳದ ನೀರು

ಕಾಫಿ ಕೊಯ್ಲು ಮುಗಿದು, ಅಡಿಕೆ ಮಾರಿ, ಮಳೆಗಾಲಕ್ಕೆ ಇನ್ನೂ ದಿನವಿರುವಾಗ ಬೆಳೆಗಾರನಿಗೆ ನಾಲ್ಕು ದಿನದ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ನಮ್ಮ ಮನೆಗಳ ಯುವಕರು ಕೆಲವರು ಹಿಮಾಚಲದ ತೀರ್ಥನ್ ಕಣಿವೆಗೋ ಕಾಶ್ಮೀರಕ್ಕೋ ಹೋಗಿ ಟ್ರೌಟ್ ಮೀನಿಗೆ ಗಾಳ ಹಾಕಲು ಕಲಿಯುವುದುಂಟು. ಕೈಯಲ್ಲಿ ಗಾಳದ ಕೋಲು, ಹೆಗಲಲ್ಲಿ ಕ್ಯಾಮೆರಾ. ಇದೆಲ್ಲ ದುಡ್ಡಿನ ದಂಡವೆಂದು ಹಿರಿಯರು ಗೊಣಗುವುದೂ ಉಂಟು. ನಾವು ಹಾಗೆ ಹೇಳುವುದಿಲ್ಲ. ಈ ಎರಡು ಹವ್ಯಾಸಗಳು ಒಂದಕ್ಕೊಂದು ಚೆನ್ನಾಗಿ ಒಗ್ಗುತ್ತವೆ. ಆದರೆ ಕೂಡಿಸುವ ಕ್ರಮ ತಪ್ಪಿದರೆ ಮೀನಿನ ಪ್ರಾಣಕ್ಕೆ ಸಂಚಕಾರ. ಕ್ರಮವರಿತು ಕಲಿತರೆ ಅದರ ಲಾಭ ನಮ್ಮ ತೋಟದ ಹಳ್ಳಕ್ಕೂ ಉಂಟು ಎಂಬುದು ನಮ್ಮ ಅಭಿಪ್ರಾಯ.

ಟ್ರೌಟ್ ನಮ್ಮ ದೇಶದ ಮೀನಲ್ಲ. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಅದನ್ನು ನೀಲಗಿರಿಗೆ ತರಲು ಯತ್ನಿಸಿ ಸೋತರು. ಕಾಶ್ಮೀರದಲ್ಲಿ 1900ರ ಸುಮಾರಿಗೆ ಅದು ನೆಲೆಯೂರಿತು. ನೀಲಗಿರಿಯಲ್ಲಿ ಅದರ ಮುಂದಿನ ದಶಕದಲ್ಲಿ ಎಚ್. ಸಿ. ವಿಲ್ಸನ್ ಅವರ ಪ್ರಯತ್ನ ಫಲಿಸಿತು. ಅದಕ್ಕೆ ಬೇಕಾದದ್ದು ಸುಮಾರು 20 ಡಿಗ್ರಿ ಸೆಲ್ಸಿಯಸ್ ಒಳಗಿನ ತಣ್ಣೀರು, ಗಾಳಿ ಬೆರೆತು ಹರಿಯುವ ಕಲ್ಲುಹೊಳೆ. ನಮ್ಮ ಹಳ್ಳಗಳ ಬೇಸಿಗೆ ನೀರು ಅದಕ್ಕೆ ಆಗದು. ತಂದು ಬಿಟ್ಟರೇನು ಎಂಬ ಯೋಚನೆಯೂ ಬೇಡ. ಹೊರಗಿನಿಂದ ಬಂದ ಬೇಟೆಮೀನು ನಮ್ಮ ಸಣ್ಣ ಮೀನುಗಳನ್ನು ಉಳಿಸುವುದಿಲ್ಲ. ಅದು ಇರುವಲ್ಲಿಗೇ, ಅಲ್ಲಿನ ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದು ಹೋಗಬೇಕು. ಹಿಮಾಚಲದಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಮೀನು ಮೊಟ್ಟೆಯಿಡುವ ಕಾಲವೆಂದು ಟ್ರೌಟ್ ಹಿಡಿಯುವಂತಿಲ್ಲ.

ಈ ಗಾಳಕ್ಕೆ ಎರೆಹುಳು ಬೇಡ. ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ನಕಲಿ ಹುಳುವೇ ಎರೆ. ಅದಕ್ಕೆ ತೂಕವಿಲ್ಲ, ದಪ್ಪ ದಾರದ ತೂಕವೇ ಅದನ್ನು ನೀರಿಗೆ ಒಯ್ಯಬೇಕು. ಆದ್ದರಿಂದ ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ನೆಟ್ಟಗಾಗುವವರೆಗೆ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಹೊಸಬರು ಸೋಲುವುದು ಆ ತಡೆಯುವಲ್ಲಿಯೇ. 9 ಅಡಿಯ ಕೋಲು, 5ನೆಯ ನಂಬರಿನ ದಾರ ಹೊಸಬರಿಗೆ ಸಾಕು. ಹೊರಡುವ ಮೊದಲು ಕೊಕ್ಕೆಯ ಬದಲು ಉಣ್ಣೆಯ ತುಣುಕು ಕಟ್ಟಿಕೊಂಡು ಮನೆಯ ಮುಂದಿನ ಹುಲ್ಲಿನ ಮೇಲೆ ಒಂದು ವಾರ ಅಭ್ಯಾಸ ಮಾಡಲಿ. ಕಾಫಿ ಕಣದಲ್ಲಿ ಬೇಡ, ಸಿಮೆಂಟು ದಾರವನ್ನು ಸವೆಸುತ್ತದೆ.

ಕ್ಯಾಮೆರಾ ಉಪಯೋಗಕ್ಕೆ ಬರುವುದು ಮೀನು ಸಿಕ್ಕಿದ ಮೇಲಲ್ಲ, ಮೊದಲು. ಪೋಲರೈಸಿಂಗ್ ಫಿಲ್ಟರ್ ಹಾಕಿ ತಿರುಗಿಸಿದರೆ ನೀರಿನ ಮೇಲಿನ ಹೊಳಪು ಇಳಿದು, ಮೀನು ಎಲ್ಲಿ ನಿಂತಿದೆ ಎಂಬುದು ಕಾಣಿಸುತ್ತದೆ. ಹೊಳೆಯ ಒಂದು ಕಲ್ಲನ್ನು ಮೆಲ್ಲನೆ ಎತ್ತಿ, ಅಡಿಯಲ್ಲಿ ಅಂಟಿಕೊಂಡ ಹುಳುಗಳ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಯಾವ ನಕಲಿ ಹುಳು ಕಟ್ಟಬೇಕೆಂಬುದು ತಿಳಿಯುತ್ತದೆ. ಮೇಫ್ಲೈ ಮರಿಗೆ ಸಾಮಾನ್ಯವಾಗಿ ಮೂರು ಬಾಲ, ಸ್ಟೋನ್‌ಫ್ಲೈ ಮರಿಗೆ ಎರಡು, ಕ್ಯಾಡಿಸ್ ಮರಿಗೆ ಮರಳು ಕಸ ಅಂಟಿಸಿ ಕಟ್ಟಿದ ಗೂಡು. ಇದಕ್ಕೆ ಬೆಲೆಬಾಳುವ ಕ್ಯಾಮೆರಾ ಬೇಕಿಲ್ಲ. ಜೇಬಿನ ಮೊಬೈಲೇ ಸಾಕು. ನೋಡಿದ ಮೇಲೆ ಕಲ್ಲನ್ನು ಇದ್ದಂತೆಯೇ ಇಡಬೇಕು.

ಕೆಡುಕು ಬರುವುದು ಮೀನು ಸಿಕ್ಕಿದ ಮೇಲೆ. ಅದನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ನಗುತ್ತ ಫೋಟೋ ತೆಗೆಸಿಕೊಂಡು, "ಬಿಟ್ಟುಬಿಟ್ಟೆವು" ಎಂದು ಹೆಮ್ಮೆಪಡುವುದು ಈಗಿನ ರೂಢಿ. ಕೆನಡಾದ ಫರ್ಗ್ಯುಸನ್ ಮತ್ತು ಟಫ್ಟ್ಸ್ ಎಂಬ ವಿಜ್ಞಾನಿಗಳು 1992ರಲ್ಲಿ ಇದನ್ನು ಪರೀಕ್ಷಿಸಿದರು. ಪ್ರಯೋಗಶಾಲೆಯಲ್ಲಿ ರೇನ್‌ಬೋ ಟ್ರೌಟ್‌ಗಳನ್ನು ಸುಸ್ತಾಗುವವರೆಗೆ ಓಡಿಸಿ ನೀರಿನಲ್ಲೇ ಬಿಟ್ಟಾಗ ನೂರಕ್ಕೆ 12 ಸತ್ತವು. ಹಾಗೆ ದಣಿದವನ್ನು 30 ಸೆಕೆಂಡು ನೀರಿನಿಂದ ಹೊರಗಿಟ್ಟಾಗ ನೂರಕ್ಕೆ 38, 60 ಸೆಕೆಂಡು ಇಟ್ಟಾಗ ನೂರಕ್ಕೆ 72 ಸತ್ತವು. ಹೊಳೆಯಲ್ಲಿ ಲೆಕ್ಕ ಹೀಗೆಯೇ ಇರಬೇಕೆಂದಿಲ್ಲ. ಆದರೂ ಒಂದು ಮಾತು ಸ್ಪಷ್ಟ: ಕಣ್ಣೆದುರು ಈಜಿ ಹೋದ ಮೀನು ಸಂಜೆಗೆ ಬದುಕಿರುತ್ತದೆಂಬ ಭರವಸೆಯಿಲ್ಲ.

ಪರವಾನಗಿಯ ಮಿತಿಯಲ್ಲಿ ಒಂದು ಮೀನನ್ನು ಹಿಡಿದು, ಕೂಡಲೇ ಕೊಂದು, ಅಡುಗೆ ಮಾಡಿ ಉಂಡರೆ ನಾವು ತಪ್ಪೆನ್ನುವುದಿಲ್ಲ. ಉಣ್ಣಲೂ ಇಲ್ಲ, ಉಳಿಸಲೂ ಇಲ್ಲ ಎಂಬಂತೆ ಒಂದು ಫೋಟೋಕ್ಕಾಗಿ ಕೊಲ್ಲುವುದು ಮಾತ್ರ ಸಲ್ಲದು. ಬಿಡುವುದೇ ಆದರೆ ಮುಳ್ಳಿಲ್ಲದ ಕೊಕ್ಕೆ ಬಳಸಿ. ಹೆಚ್ಚು ಆಡಿಸದೆ ಬೇಗ ಎಳೆದುಕೊಳ್ಳಿ. ಕೈ ಒದ್ದೆ ಮಾಡಿಕೊಂಡು ಮುಟ್ಟಿ. ಜೊತೆಗಾರ ಕ್ಯಾಮೆರಾ ಸಿದ್ಧ ಮಾಡಿಕೊಳ್ಳುವವರೆಗೆ ಮೀನು ನೀರೊಳಗಿನ ಬಲೆಯಲ್ಲೇ ಇರಲಿ. ನೀರಿನಲ್ಲಿದ್ದಂತೆಯೇ ಒಂದು ಫೋಟೋ ಸಾಕು. ಚುಕ್ಕೆಗಳೂ ಬಣ್ಣವೂ ಚೆನ್ನಾಗಿ ಕಾಣುವುದು ನೀರಿನಲ್ಲಿಯೇ. ಬಿಸಿಲೇರಿ ನೀರು ಬೆಚ್ಚಗಾದ ಹೊತ್ತಿನಲ್ಲಿ ಕೋಲನ್ನು ಬದಿಗಿಟ್ಟು ಕ್ಯಾಮೆರಾ ಒಂದನ್ನೇ ಹಿಡಿಯಿರಿ.

ಇನ್ನು ನಮ್ಮ ಹಳ್ಳದ ಮಾತು. ಟ್ರೌಟ್ ಇಲ್ಲದಿದ್ದರೂ ಆ ಬಾಲದ ಹುಳುಗಳು, ಗೂಡಿನ ಹುಳುಗಳು ಮಲೆನಾಡಿನ ಹಳ್ಳದ ಕಲ್ಲುಗಳ ಅಡಿಯಲ್ಲೂ ಇವೆ. ನೀರು ಕೆಟ್ಟರೆ ಮೊದಲು ಕಾಣೆಯಾಗುವವು ಇವೇ. ಪಲ್ಪರ್ ನೀರನ್ನು ಹಳ್ಳಕ್ಕೆ ಬಿಟ್ಟರೆ ಅದರ ಲೋಳೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತದ ತಾಮ್ರ ಮೀನಿಗೂ ಹುಳುವಿಗೂ ವಿಷ. ಉಳಿದ ದ್ರಾವಣ ಚೆಲ್ಲುವುದು, ಡ್ರಮ್ಮು ತೊಳೆಯುವುದು ಹಳ್ಳದಲ್ಲಾಗಬಾರದು. ಇದು ಗೊತ್ತಿಲ್ಲದ ಸದಸ್ಯರಿಲ್ಲ. ಆದರೆ ಕಣ್ಣಿಗೆ ಕಾಣದ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕ್ಯಾಮೆರಾ ಆ ನಷ್ಟವನ್ನು ಕಾಣಿಸಬಲ್ಲದು. ಟ್ರೌಟ್ ಹೊಳೆಯಲ್ಲಿ ಕಲ್ಲೆತ್ತಿ ನೋಡಲು ಕಲಿತ ನಮ್ಮ ಹುಡುಗರು, ಹುಡುಗಿಯರು ತಮ್ಮ ತೋಟದ ಹಳ್ಳದಲ್ಲಿ ಪಲ್ಪರ್ ಮನೆಯ ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ ಗುರುತು ಮಾಡಿ, ತಿಂಗಳಿಗೊಮ್ಮೆ ಕಲ್ಲಿನ ಅಡಿಯ ಫೋಟೋ ತೆಗೆದಿಡಲಿ. ಒಂದು ವರ್ಷದ ಹನ್ನೆರಡು ಜೊತೆ ಚಿತ್ರಗಳನ್ನು ಮುಂದಿಟ್ಟುಕೊಂಡು ಮನೆಯ ಹಿರಿಯರು ಕುಳಿತು ನೋಡಲಿ. ಮೇಲಿನ ಕಲ್ಲಿನಲ್ಲಿ ಹುಳುವಿದ್ದು ಕೆಳಗಿನದು ಬರಿದಾಗಿದ್ದರೆ, ಇಂಗುಗುಂಡಿಯ ಖರ್ಚನ್ನು ಇನ್ನು ಮುಂದೂಡುವುದು ಬೇಡ. ಕೆಳಗಿನ ಮನೆಯವರು ಕುಡಿಯುವುದೂ ಅದೇ ನೀರನ್ನು.