ಆಯ್ಕೆ ನಮ್ಮದು, ಬೀಗದ ಕೈ ಯಾರದು?

ಲಿನಕ್ಸ್ ಬಳಸುವ ನಮ್ಮಂಥವರಿಗೆ ಬುದ್ಧಿಮಾತಿನ ಬರವಿಲ್ಲ. ವೈಫೈ ಸಿಗುತ್ತಿಲ್ಲ ಎಂದರೆ ಅಂಗಡಿಯವನು "ಎಲ್ಲರ ಹಾಗೆ ವಿಂಡೋಸ್ ಹಾಕಿಸಿಕೊಳ್ಳಿ ಸಾರ್, ನಿಮಗ್ಯಾಕೆ ಈ ಉಸಾಬರಿ?" ಎನ್ನುತ್ತಾನೆ. ಮುಕ್ತ ತಂತ್ರಾಂಶದ ಕಟ್ಟಾ ಅಭಿಮಾನಿಯೋ, "ಕೊಳ್ಳುವ ಮೊದಲೇ ವಿಚಾರಿಸಬೇಕಿತ್ತು" ಎಂದು ಗದರುತ್ತಾನೆ. ಇಬ್ಬರ ಮಾತಿನ ತಿರುಳೂ ಒಂದೇ: ಆಯ್ಕೆ ನಿಮ್ಮದು, ಅನುಭವಿಸಿ. ಆ ಯಂತ್ರವನ್ನು ತಯಾರಿಸಿದವನನ್ನು ಮಾತ್ರ ಇಬ್ಬರೂ ಪ್ರಶ್ನಿಸುವುದಿಲ್ಲ.

ನಾವು ಲಿನಕ್ಸನ್ನು ಆರಿಸಿಕೊಂಡದ್ದು ಹುಚ್ಚಿಗಲ್ಲ. ಕನ್ನಡವನ್ನೂ ಉರ್ದುವನ್ನೂ ಒಂದೇ ಕಡತದಲ್ಲಿ ಬರೆಯಬೇಕು, ಹಳೆಯ ಯಂತ್ರದಲ್ಲೇ ಕೆಲಸ ಸಾಗಬೇಕು, ಕದ್ದ ಪ್ರತಿ ಬಳಸಬಾರದು. ಇವಿಷ್ಟೂ ಈಡೇರಿದವು. ಆದರೆ ನಮ್ಮ ಮನೆಯ ಪ್ರಿಂಟರ್ ಅಚ್ಚು ಹಾಕುತ್ತದೆ, ಸ್ಕ್ಯಾನ್ ಮಾಡುವುದಿಲ್ಲ. ದುಡ್ಡು ಮಾತ್ರ ಎರಡಕ್ಕೂ ಕೊಟ್ಟಿದ್ದೇವೆ.

ಇದರ ಕಾರಣ ಸರಳ. ಆಪರೇಟಿಂಗ್ ಸಿಸ್ಟಮ್ ಹೇಳಿದ್ದನ್ನು ಯಂತ್ರಕ್ಕೆ ತಿಳಿಸಲು ಡ್ರೈವರ್ ಎಂಬ ದುಭಾಷಿ ಬೇಕು. ವಿಂಡೋಸ್‌ಗೆ ಕಂಪೆನಿಗಳೇ ಅದನ್ನು ಕೊಡುತ್ತವೆ. ಲಿನಕ್ಸ್‌ಗೆ ಹಲವು ಕಂಪೆನಿಗಳು ಕೊಡುವುದಿಲ್ಲ. ಬೇರೆಯವರಾದರೂ ಬರೆಯಲೆಂದರೆ ಯಂತ್ರದ ಭಾಷೆಯನ್ನೇ ಮುಚ್ಚಿಡುತ್ತವೆ. ಬ್ರಾಡ್‌ಕಾಮ್‌ನ ಎಷ್ಟೋ ವೈಫೈ ಚಿಪ್‌ಗಳ ಡ್ರೈವರನ್ನು ಸ್ವಯಂಸೇವಕರು ಕತ್ತಲಲ್ಲಿ ತಡಕಾಡಿ ಬರೆಯಬೇಕಾಯಿತು. ಕೆಲವು ಚಿಪ್‌ಗಳಿಗೆ ಕಂಪೆನಿಯೇ ಮುಕ್ತ ಡ್ರೈವರ್ ಕೊಟ್ಟದ್ದು 2010ರಲ್ಲಿ.

ಈ ಜಗಳ ಹೊಸದಲ್ಲ. ಅಮೆರಿಕದ ಎಂಐಟಿ ಪ್ರಯೋಗಾಲಯದ ಝೆರಾಕ್ಸ್ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ಬಳಕೆದಾರರಿಗೆ ಸೂಚನೆ ಹೋಗುವಂತೆ ತಂತ್ರಾಂಶವನ್ನು ತಿದ್ದಲು ರಿಚರ್ಡ್ ಸ್ಟಾಲ್‌ಮನ್ ಸೋರ್ಸ್ ಕೋಡ್ ಕೇಳಿದರು, ಸಿಗಲಿಲ್ಲ. ಅವರೇ ಮುಂದೆ 1983ರಲ್ಲಿ ಗ್ನು ಯೋಜನೆಯನ್ನು ಘೋಷಿಸಿದವರು. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ 2012ರಲ್ಲಿ ಫಿನ್‌ಲ್ಯಾಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಎನ್‌ವಿಡಿಯಾ ಕಂಪೆನಿಯನ್ನು ಬಹಿರಂಗವಾಗಿ ಬೈದರು. ಅದೇ ಕಂಪೆನಿ 2022ರಲ್ಲಿ ತನ್ನ ಡ್ರೈವರ್‌ನ ಒಂದು ಭಾಗವನ್ನು ಮುಕ್ತಗೊಳಿಸಿತು. ಹಾಗಾದರೆ ಹತ್ತು ವರ್ಷ ಇಲ್ಲದಿದ್ದುದು ಸಾಧ್ಯತೆಯೋ, ಮನಸ್ಸೋ?

ವಿಂಡೋಸ್ ಬಳಸುವವರು ಇದು ತಮ್ಮ ಸಂಗತಿಯಲ್ಲ ಎಂದುಕೊಳ್ಳಬೇಕಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಹೊಸ ಪೀಳಿಗೆಯ ಪ್ರೊಸೆಸರ್ ಇರಬೇಕು. ಗಟ್ಟಿಮುಟ್ಟಾಗಿ ಓಡುತ್ತಿರುವ ಎಷ್ಟೋ ಯಂತ್ರಗಳಲ್ಲಿ ಇವಿಲ್ಲ. ಬಡ ಶಾಲೆಯಲ್ಲೋ ಸಣ್ಣ ಪತ್ರಿಕೆಯ ಕಚೇರಿಯಲ್ಲೋ ಇರುವ ಅಂಥ ಯಂತ್ರವನ್ನು ಗುಜರಿಗೆ ಹಾಕದೆ ಉಳಿಸುವ ದಾರಿ ಲಿನಕ್ಸ್. ಆ ದಾರಿಗೆ ಅಡ್ಡ ನಿಂತಿರುವುದೂ ಇದೇ ಮುಚ್ಚಿಟ್ಟ ಡ್ರೈವರ್.

ಗುಟ್ಟು ಬಿಟ್ಟುಕೊಟ್ಟರೆ ಪ್ರತಿಸ್ಪರ್ಧಿಗೆ ಲಾಭ ಎಂದು ಕಂಪೆನಿಗಳು ಹೇಳಬಹುದು. ಚಿಪ್ಪನ್ನು ತಯಾರಿಸುವ ಗುಟ್ಟನ್ನು ನಾವು ಕೇಳುತ್ತಿಲ್ಲ, ಅದರೊಡನೆ ಮಾತನಾಡುವ ಬಗೆಯನ್ನಷ್ಟೇ ಕೇಳುತ್ತಿದ್ದೇವೆ. ಮನೆ ಮಾರಿದವನು ಬೀಗದ ಕೈಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡರೆ ಅದನ್ನು ವ್ಯಾಪಾರವೆನ್ನಲು ಬರುತ್ತದೆಯೇ?

ಭಾರತ ಸರ್ಕಾರ 2015ರಲ್ಲಿ ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿ ತಂದಿತು. ಅದು ಕಾಗದದಲ್ಲೇ ಉಳಿಯಬಾರದೆಂದಿದ್ದರೆ, ಲಿನಕ್ಸ್‌ನಲ್ಲಿ ಪೂರ್ತಿಯಾಗಿ ನಡೆಯದ ಯಂತ್ರವನ್ನು ಯಾವ ಸರ್ಕಾರಿ ಟೆಂಡರೂ ಒಪ್ಪಕೂಡದು. ಯಾವ ಸಿಸ್ಟಮ್‌ನಲ್ಲಿ ಯಾವ ಕೆಲಸ ನಡೆಯುತ್ತದೆ ಎಂಬುದನ್ನು ಪೆಟ್ಟಿಗೆಯ ಮೇಲೆ, ಬೆಲೆಯ ಪಕ್ಕದಲ್ಲೇ ಅಚ್ಚು ಹಾಕಬೇಕು. ಅಲ್ಲಿಯವರೆಗೆ 'ಆಯ್ಕೆ ನಿಮ್ಮದು' ಎಂಬ ಉಪದೇಶವನ್ನು ನಮಗೆ ಯಾರೂ ಮಾಡಬೇಡಿ.