'ಮ್ಯಾಚ್ ಆಗ್ತಿಲ್ಲ' ಅನ್ನೋದು ಉತ್ತರ ಅಲ್ಲ

"ಡೇಟಾ ಮ್ಯಾಚ್ ಆಗ್ತಿಲ್ಲ."

ಸುದ್ದಿಗಾಗಿ ನಾವು ಯಾವ ತಾಲ್ಲೂಕಿಗೆ ಹೋದರೂ ಕೌಂಟರ್ ಮುಂದೆ ಕೇಳುವ ಮಾತು ಇದೇ. ಬೆಳೆ ಪರಿಹಾರ ಯಾಕೆ ಬಂದಿಲ್ಲ? ಮ್ಯಾಚ್ ಆಗ್ತಿಲ್ಲ. ಪಿಂಚಣಿ ಯಾಕೆ ನಿಂತಿತು? ಮ್ಯಾಚ್ ಆಗ್ತಿಲ್ಲ. ಹಿಂದೆ "ಸಾಹೇಬರಿಲ್ಲ, ನಾಳೆ ಬಾ" ಅನ್ನುತ್ತಿದ್ದರು. ಸಾಹೇಬರು ಒಂದಲ್ಲ ಒಂದು ದಿನ ಬರುತ್ತಿದ್ದರು, ಅವರ ಎದುರು ನಿಂತು ಜಗಳ ಆಡಬಹುದಿತ್ತು. ಈಗ ಜಗಳಕ್ಕೂ ಜನ ಸಿಗುವುದಿಲ್ಲ. ಕಂಪ್ಯೂಟರ್ ಬೇಡ ಅಂದಿದೆ, ಮುಗಿಯಿತು.

ನಾವು ಇಲ್ಲಿ ಹೇಳಹೊರಟಿರುವುದು ಇಷ್ಟು: ಕಂಪ್ಯೂಟರ್ ತಾನಾಗಿ ಬೇಡ ಅನ್ನುವುದಿಲ್ಲ. ಯಾರೋ ಒಬ್ಬರು ಕುರ್ಚಿಯಲ್ಲಿ ಕೂತು ಒಂದು ಸಾಲು ಬರೆದಿರುತ್ತಾರೆ. ಆ ಸಾಲು ಬೇಡ ಅಂದಿರುತ್ತದೆ.

ಆ ಸಾಲನ್ನು ಬರೆಯುವ ಭಾಷೆಗೆ ಎಸ್‌ಕ್ಯೂಎಲ್ ಅಂತ ಹೆಸರು. 1970ರ ದಶಕದಲ್ಲಿ ಅಮೆರಿಕದ ಐಬಿಎಂ ಕಂಪನಿಯಲ್ಲಿ ಹುಟ್ಟಿದ್ದು, ಇವತ್ತಿಗೂ ಬ್ಯಾಂಕು, ರೇಷನ್ನು, ಪಹಣಿ ಎಲ್ಲ ಕಡೆ ಇದರದ್ದೇ ಕೆಲಸ. ಹೆದರುವಂಥದ್ದೇನಲ್ಲ. ಮದುವೆಯ ಮುಯ್ಯಿ ಪುಸ್ತಕ ಗೊತ್ತಿದ್ದವರಿಗೆ ಇದೂ ಗೊತ್ತಾಗುತ್ತದೆ.

ಮಗಳ ಮದುವೆಯಲ್ಲಿ ಮುಯ್ಯಿ ಮಾಡಿದವರ ಹೆಸರು ಒಂದು ಪುಸ್ತಕದಲ್ಲಿದೆ. ಈಗ ಮಗನ ಮದುವೆಗೆ ಬಂದವರದ್ದು ಇನ್ನೊಂದು ಪುಸ್ತಕ. ಎರಡನ್ನೂ ಪಕ್ಕದಲ್ಲಿಟ್ಟು, ಎರಡರಲ್ಲೂ ಸಿಕ್ಕ ಹೆಸರನ್ನು ಮಾತ್ರ ಮೂರನೇ ಹಾಳೆಗೆ ಬರೆದುಕೊಂಡರೆ ಅದು 'ಇನ್ನರ್ ಜಾಯಿನ್'. ಸಿಗದವರ ಹೆಸರು ಆ ಹಾಳೆಯಲ್ಲಿ ಇರುವುದೇ ಇಲ್ಲ. ಮೊದಲ ಪುಸ್ತಕದ ಎಲ್ಲ ಹೆಸರನ್ನೂ ಬರೆದು, ಎರಡನೆಯದರಲ್ಲಿ ಸಿಗದವರ ಮುಂದೆ ಜಾಗ ಖಾಲಿ ಬಿಟ್ಟರೆ ಅದು 'ಲೆಫ್ಟ್ ಜಾಯಿನ್'. ಇಲ್ಲಿ ಖಾಲಿ ಜಾಗ ಕಣ್ಣಿಗೆ ಹೊಡೆಯುತ್ತದೆ. ಯಾರು ಬಿಟ್ಟುಹೋದರು ಅಂತ ಎಣಿಸಬಹುದು, ಹೋಗಿ ವಿಚಾರಿಸಬಹುದು.

ಎರಡಕ್ಕೂ ಬರೆಯುವ ಶ್ರಮ ಒಂದೇ, ಒಂದು ಪದದ ವ್ಯತ್ಯಾಸ. ಆದರೆ ಮೊದಲನೆಯದನ್ನು ಬರೆದವನಿಗೆ ತನ್ನ ಸಾಲು ಎಷ್ಟು ಜನರನ್ನು ಹೊರಗೆ ಹಾಕಿತು ಅನ್ನುವುದು ಗೊತ್ತೇ ಆಗುವುದಿಲ್ಲ. "ನಮ್ಮ ಪಟ್ಟಿಯಲ್ಲಿ ತಪ್ಪಿಲ್ಲ" ಅಂತ ಮೀಟಿಂಗಿನಲ್ಲಿ ಧೈರ್ಯವಾಗಿ ಹೇಳುತ್ತಾನೆ. ಅವನ ಪಟ್ಟಿಯಲ್ಲಿ ತಪ್ಪಿಲ್ಲ ನಿಜ, ಜನರೇ ಇಲ್ಲವಲ್ಲ!

ಇನ್ನು ಹೆಸರಿನ ವಿಷಯ. ಸಾಲಿನ ನಡುವೆ ಒಂದು 'ಸಮ' ಚಿಹ್ನೆ ಇರುತ್ತದೆ: ಈ ಪುಸ್ತಕದ ಹೆಸರು ಆ ಪುಸ್ತಕದ ಹೆಸರಿಗೆ ಸಮ. ಕಂಪ್ಯೂಟರಿಗೆ ಸಮ ಅಂದರೆ ಅಕ್ಷರ ಅಕ್ಷರವೂ ಒಂದೇ. ನಡುವೆ ಒಂದು ಸ್ಪೇಸ್ ಹೆಚ್ಚಿದ್ದರೂ ಬೇರೆ ಮನುಷ್ಯ. ನಮ್ಮ ಪಹಣಿಯಲ್ಲಿ 'ಬಸಪ್ಪ ಬಿನ್ ಕಲ್ಲಪ್ಪ' ಅಂತ ಇರುತ್ತದೆ. ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ಬಸವರಾಜ, ಮುಂದೆ ಅಡ್ಡಹೆಸರು. ಬ್ಯಾಂಕಿನಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಬಸಪ್ಪ, ಅದೂ ಇಂಗ್ಲಿಷಿನ ಒಂದು 'ಪಿ' ಕಡಿಮೆ. ಊರಿನವರಿಗೆ ಇವನು ಒಬ್ಬನೇ ಬಸಣ್ಣ. ಕಂಪ್ಯೂಟರಿಗೆ ಮೂರು ಜನ, ಮೂವರೂ ಅನರ್ಹರು.

ಕನ್ನಡದಲ್ಲೇ ಬರೆದರೆ ಸರಿಹೋಗುತ್ತದೆಯೇ? ಅಲ್ಲೂ ಒಂದು ಗುಟ್ಟಿದೆ. ಯುನಿಕೋಡ್‌ನಲ್ಲಿ 'ಹೊನ್ನಪ್ಪ' ಎಂಬುದರ ಒತ್ವವನ್ನು ಒಂದೇ ಸಂಕೇತದಲ್ಲೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎರಡನ್ನು ಸೇರಿಸಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. 'ಸಮ' ಚಿಹ್ನೆಗೆ ಎರಡೂ ಬೇರೆ ಬೇರೆ ಆಗಿಬಿಡಬಹುದು. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಪೈಥಾನ್‌ನಂಥ ಭಾಷೆಯಲ್ಲಿ ಅದು ಒಂದು ಸಾಲಿನ ಕೆಲಸ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ದಾಖಲೆಯ ಪಾಡು ಇನ್ನೂ ಕಷ್ಟ. ಅದು ಒಳಗೆ ಯುನಿಕೋಡ್ ಕನ್ನಡವೇ ಅಲ್ಲ, ಪರಿವರ್ತನೆ ಮಾಡದೆ ಹುಡುಕಿದರೆ ಏನೂ ಸಿಗುವುದಿಲ್ಲ.

ತಂದೆಯ ಹೆಸರಿನ ಕಾಲಂ ಎರಡೂ ಪಟ್ಟಿಯಲ್ಲಿ ಖಾಲಿ ಇದ್ದರೆ? ಖಾಲಿಗೆ ಖಾಲಿ ಸಮ ಅಂತ ನಾವು ಅಂದುಕೊಳ್ಳುತ್ತೇವೆ. ಎಸ್‌ಕ್ಯೂಎಲ್ ಹಾಗೆ ಒಪ್ಪುವುದಿಲ್ಲ. ಖಾಲಿಯನ್ನು ಅದು 'ನಲ್' ಅನ್ನುತ್ತದೆ, ಅಂದರೆ 'ಗೊತ್ತಿಲ್ಲ'. ಗೊತ್ತಿಲ್ಲದ್ದು ಗೊತ್ತಿಲ್ಲದ್ದಕ್ಕೆ ಸಮವೇ ಅಂತ ಕೇಳಿದರೆ ಅದರ ಉತ್ತರ ಮತ್ತೆ 'ಗೊತ್ತಿಲ್ಲ'. ಹೌದು ಅನ್ನದ ಮೇಲೆ ಆ ಮನುಷ್ಯ ಪಟ್ಟಿಯಿಂದ ಹೊರಗೆ. ಎಕ್ಸೆಲ್ ಹಾಳೆಯ ಕಥೆಯೂ ಹೀಗೇ: ಖಾತೆ ಸಂಖ್ಯೆ ಸೊನ್ನೆಯಿಂದ ಶುರುವಾದರೆ ಆ ಸೊನ್ನೆಯನ್ನು ನುಂಗುತ್ತದೆ, 15 ಅಂಕಿ ದಾಟಿದರೆ ಕೊನೆಯವನ್ನು ಸೊನ್ನೆ ಮಾಡುತ್ತದೆ. ಕಾಲಂ ಅನ್ನು ಮೊದಲೇ 'ಟೆಕ್ಸ್ಟ್' ಮಾಡಿಟ್ಟರೆ ಈ ತಾಪತ್ರಯ ಇಲ್ಲ. ಮಾಡದವರ ತಪ್ಪಿಗೆ ಮುದುಕಿ ಬ್ಯಾಂಕಿಗೂ ಕಚೇರಿಗೂ ಅಲೆಯಬೇಕು.

ಅಧಿಕಾರಿಗಳ ವಾದವೂ ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಒಬ್ಬನೇ ಎರಡು ಹೆಸರಿನಲ್ಲಿ ಹಣ ತಿನ್ನುತ್ತಾನೆ, ಸತ್ತವರ ಹೆಸರಲ್ಲಿ ಅಕ್ಕಿ ಹೋಗುತ್ತದೆ, ತಡೆಯಬೇಡವೇ? ತಡೆಯಬೇಕು. ಹಾಗಾದರೆ ಹೋಲಿಕೆಯನ್ನು ಸ್ವಲ್ಪ ಸಡಿಲ ಮಾಡಿದರೆ ನಿಜವಾದವರು ಉಳಿಯುತ್ತಾರಲ್ಲ ಅಂತ ಕೇಳಬಹುದು. ಅದಕ್ಕೂ ಉಪಾಯಗಳಿವೆ, ಅವುಗಳಿಗೂ ಮಿತಿ ಇದೆ.

ಸೌಂಡೆಕ್ಸ್ ಅಂತ ಒಂದು, 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು. ಹೆಸರಿನ ಉಚ್ಚಾರವನ್ನು ಒಂದಕ್ಷರ, ಮೂರು ಅಂಕಿಗೆ ಇಳಿಸುತ್ತದೆ. ಆದರೆ ಮೊದಲ ಅಕ್ಷರವನ್ನು ಹಾಗೇ ಇಟ್ಟುಕೊಳ್ಳುತ್ತದೆ. ನಮ್ಮಲ್ಲಿ ಯಲ್ಲಪ್ಪನೂ ಎಲ್ಲಪ್ಪನೂ ಒಬ್ಬನೇ. ಇಂಗ್ಲಿಷಿನಲ್ಲಿ ಒಂದು 'ವೈ', ಇನ್ನೊಂದು 'ಇ', ಹಾಗಾಗಿ ಸೌಂಡೆಕ್ಸ್‌ಗೆ ಇಬ್ಬರು. ಇನ್ನೊಂದು ಲೆವೆನ್‌ಸ್ಟೈನ್ ಅಂತರ. ಒಂದು ಹೆಸರನ್ನು ಇನ್ನೊಂದು ಮಾಡಲು ಎಷ್ಟು ಅಕ್ಷರ ತಿದ್ದಬೇಕು ಅನ್ನುವ ಎಣಿಕೆ. ಇಂಗ್ಲಿಷಿನಲ್ಲಿ ಬಸಪ್ಪನನ್ನು ಬಸವರಾಜ ಮಾಡಲು ನಾಲ್ಕು ತಿದ್ದುಪಡಿ ಬೇಕು. ಮಲ್ಲಪ್ಪನನ್ನು ಕಲ್ಲಪ್ಪ ಮಾಡಲು ಒಂದೇ ಸಾಕು! ಒಬ್ಬನೇ ಮನುಷ್ಯ ದೂರವಾದ, ಅಣ್ಣ ತಮ್ಮಂದಿರು ಒಬ್ಬರಾದರು. ಹುಟ್ಟಿದ ದಿನ ಸೇರಿಸಿ ನೋಡೋಣ ಅಂದರೆ, ಮೇಷ್ಟ್ರು ಬರೆಸಿದ ಲೆಕ್ಕದಲ್ಲಿ ನಮ್ಮೂರ ಹಿರಿಯರಲ್ಲಿ ಬಹಳ ಮಂದಿ ಜೂನ್ 1ಕ್ಕೇ ಹುಟ್ಟಿದವರು.

ಸಡಿಲ ಹೋಲಿಕೆಯನ್ನು ಕುರುಡಾಗಿ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಪಕ್ಕದ ತೆಲಂಗಾಣ ಸಾಕ್ಷಿ. ಅಲ್ಲಿ 'ಸಮಗ್ರ ವೇದಿಕೆ' ಎಂಬ ವ್ಯವಸ್ಥೆ ಬೇರೆ ಬೇರೆ ಇಲಾಖೆಗಳ ಪಟ್ಟಿಗಳನ್ನು ಹೆಸರು, ವಿಳಾಸ ನೋಡಿ ಜೋಡಿಸುತ್ತಿತ್ತು. ಯಾರದೋ ಹೆಸರಿನ ಕಾರು ಇನ್ಯಾರದೋ ಬಡವರ ತಲೆಗೆ ಅಂಟಿತು. 2014ರಿಂದ 2019ರ ನಡುವೆ ಆ ರಾಜ್ಯದಲ್ಲಿ 18 ಲಕ್ಷಕ್ಕೂ ಹೆಚ್ಚು ರೇಷನ್ ಕಾರ್ಡ್ ನೋಟಿಸೂ ಇಲ್ಲದೆ ರದ್ದಾದವು. 2022ರಲ್ಲಿ ಸುಪ್ರೀಂ ಕೋರ್ಟ್, ರದ್ದಾದ ಕಾರ್ಡುಗಳನ್ನು ಸ್ಥಳಕ್ಕೇ ಹೋಗಿ ಮತ್ತೆ ಪರಿಶೀಲಿಸಿ ಅಂದಿತು. ಮನೆ ಬಾಗಿಲಿಗೆ ಹೋಗುವ ಕೆಲಸವನ್ನು ಕೊನೆಗೆ ಮಾಡಲೇಬೇಕಾಯಿತು. ಮೊದಲೇ ಮಾಡಿದ್ದರೆ ಅಷ್ಟು ವರ್ಷದ ಅಕ್ಕಿ ಉಳಿಯುತ್ತಿತ್ತು.

ಆದ್ದರಿಂದ ನಮ್ಮ ವಾದ ಕಂಪ್ಯೂಟರ್ ವಿರುದ್ಧ ಅಲ್ಲ. ಭೂಮಿ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ಹಾಕಿದಾಗ ನಮ್ಮ ರೈತರಿಗೆ ಅನುಕೂಲವೇ ಆಯಿತು. ಹೋಲಿಕೆ ಅನುಮಾನ ತೋರಿಸಲಿ, ತೀರ್ಪು ಕೊಡುವುದು ಬೇಡ. ಮ್ಯಾಚ್ ಆಗದವರನ್ನು ಅಳಿಸಬೇಡಿ, ಇನ್ನೊಂದು ಪಟ್ಟಿಗೆ ಹಾಕಿ. ಯಾವ ಕಾಲಂ ಹೊಂದಲಿಲ್ಲ ಅಂತ ಅವರ ಹೆಸರಿನ ಮುಂದೆ ಬರೆಯಿರಿ: ಹೆಸರೋ, ತಂದೆಯ ಹೆಸರೋ, ಖಾತೆಯೋ. ಆ ಪಟ್ಟಿಯನ್ನು ಗ್ರಾಮ ಪಂಚಾಯಿತಿ ಗೋಡೆಗೆ ಅಂಟಿಸಿ, ಗ್ರಾಮ ಆಡಳಿತ ಅಧಿಕಾರಿ ವಿಚಾರಣೆ ಮಾಡುವವರೆಗೆ ಹಣ ನಿಲ್ಲಿಸಬೇಡಿ. ಬಸಪ್ಪ ಯಾರು ಅಂತ ಕಟ್ಟೆ ಮೇಲೆ ಕೂತವರನ್ನು ಕೇಳಿದರೆ ಅರ್ಧ ನಿಮಿಷದಲ್ಲಿ ಹೇಳುತ್ತಾರೆ.

ಇದು ನಾವು ಬೇಡುತ್ತಿರುವ ಉಪಕಾರವಲ್ಲ. ಮಾಹಿತಿ ಹಕ್ಕು ಕಾಯ್ದೆ, 2005ರ ಸೆಕ್ಷನ್ 4(1)(ಡಿ) ಪ್ರಕಾರ, ಆಡಳಿತದ ತೀರ್ಮಾನಕ್ಕೆ ಕಾರಣವೇನೆಂದು ಬಾಧಿತರಿಗೆ ತಿಳಿಸುವುದು ಕಚೇರಿಯ ಕರ್ತವ್ಯ. 'ಮ್ಯಾಚ್ ಆಗ್ತಿಲ್ಲ' ಕಾರಣ ಅಲ್ಲ, ಏನು ಯಾವುದಕ್ಕೆ ಹೊಂದಲಿಲ್ಲ ಅನ್ನುವುದು ಕಾರಣ. ಅದೇ ಕಾಯ್ದೆಯ ಸೆಕ್ಷನ್ 2(ಜೆ) ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ಸಿಡಿಯಂಥ ಎಲೆಕ್ಟ್ರಾನಿಕ್ ರೂಪದಲ್ಲಿ ಪಡೆಯುವ ಹಕ್ಕನ್ನೂ ಕೊಡುತ್ತದೆ.

ನಿಮ್ಮ ಹೆಸರು ಹೀಗೆ ಬಿಟ್ಟುಹೋಗಿದ್ದರೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ 150 ಪದದೊಳಗೆ, ಒಂದೇ ವಿಷಯಕ್ಕೆ ಸೀಮಿತವಾಗಿ ಬರೆಯಬೇಕು. 30 ದಿನದಲ್ಲಿ ಉತ್ತರ ಬರಬೇಕು. ಹೀಗೆ ಬರೆದರೆ ಸಾಕು: "ನನ್ನ ಅರ್ಜಿಯನ್ನು ಯಾವ ಯಾವ ದಾಖಲೆಗಳ ಜೊತೆ ಹೋಲಿಸಲಾಯಿತು, ಯಾವ ಕಾಲಂ ಹೊಂದಲಿಲ್ಲ, ಎರಡೂ ಕಡೆ ಏನು ಬರೆದಿತ್ತು, ಹೋಲಿಕೆಯ ನಿಯಮ ಏನು, ಅದನ್ನು ಅನುಮೋದಿಸಿದ ಅಧಿಕಾರಿಯ ಹುದ್ದೆ ಯಾವುದು, ಈ ಮಾಹಿತಿಯ ಪ್ರತಿ ಕೊಡಿ."