ಕೂತದ್ದೆಲ್ಲ ಹೊಂದಿದ್ದಲ್ಲ

ಹಳೆಯ ಸ್ಪೋರ್ಟ್ಸ್ ಕಾರುಗಳ ಬಿಡಿಭಾಗ ಮಾರುವವರ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೋಸದ ಮಾತೆಂದರೆ ‘ಈ ಎಲ್ಲ ಮಾಡೆಲ್‌ಗಳಿಗೂ ಆಗುತ್ತದೆ’ ಎಂಬುದು. ಬೋಲ್ಟ್ ತೂತುಗಳು ಸರಿಹೋದರೆ ಸಾಕು, ‘ಆಗುತ್ತದೆ’ ಎಂದು ಬರೆದುಬಿಡುತ್ತಾರೆ. ಕ್ಲಚ್ ಮಾಸ್ಟರ್ ಸಿಲಿಂಡರಿನ ವಿಷಯದಲ್ಲಿ ನಿಜವಾದ ಕೆಲಸ ಶುರುವಾಗುವುದೇ ಬೋಲ್ಟ್ ಕೂತ ಮೇಲೆ.

ಎಂಜಿಬಿಯನ್ನೇ ನೋಡಿ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ 5 ಲಕ್ಷಕ್ಕೂ ಮಿಕ್ಕಿ ತಯಾರಾದ ಕಾರು. ಅಷ್ಟೂ ವರ್ಷ ಹೆಸರು ಒಂದೇ, ಒಳಗಿನ ಸಾಮಾನು ಮಾತ್ರ ಬದಲಾಗುತ್ತಲೇ ಇತ್ತು. 1968ರ ಮಾಡೆಲ್‌ನಿಂದ ಅಮೆರಿಕಕ್ಕೆ ಹೋದ ಕಾರುಗಳಿಗೆ ಎರಡು ಸರ್ಕ್ಯೂಟಿನ ಬ್ರೇಕ್ ಬಂತು. ಅದರ ಸಲುವಾಗಿ ಪೆಡಲ್ ಬಾಕ್ಸ್ ಬದಲಾಯಿತು. ಪಕ್ಕದಲ್ಲೇ ಕೂರುವ ಕ್ಲಚ್ ಸಿಲಿಂಡರಿನ ಪುಶ್‌ರಾಡ್ ಉದ್ದವೂ ಬದಲಾಯಿತು. ಹಳೆಯ ಕಾರಿಗೆ ಹೊಸ ಮಾದರಿಯ ಸಿಲಿಂಡರ್ ತಂದವರು ಅದರ ಜೊತೆ ಬಂದ ರಾಡನ್ನೇ ಹಾಕಿದರೆ ತೊಂದರೆ ಕಟ್ಟಿಟ್ಟದ್ದು. ಈ ಕಾರಿನಲ್ಲಿ ಆ ರಾಡನ್ನು ತಿರುಗಿಸಿ ಉದ್ದ ಹೊಂದಿಸುವ ಏರ್ಪಾಡು ಇಲ್ಲ.

ರಾಡ್ ಗಿಡ್ಡವಾದರೆ ಪೆಡಲಿನ ಮೊದಲ ಭಾಗ ವ್ಯರ್ಥ, ಗೇರ್ ಕರಕರ ಎನ್ನುತ್ತದೆ. ಅದು ಕೂಡಲೇ ಗೊತ್ತಾಗುವ ತಪ್ಪು. ಉದ್ದವಾದರೆ ಇನ್ನೂ ಕೆಟ್ಟದ್ದು, ಏಕೆಂದರೆ ಗೊತ್ತಾಗುವುದೇ ಇಲ್ಲ. ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ. ಫ್ಲೂಯಿಡ್ ಮರಳಿ ಡಬ್ಬಕ್ಕೆ ಹೋಗುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಎಂಜಿನ್ ಬಿಸಿಯೇರಿದಂತೆ ಪೈಪಿನಲ್ಲಿ ಸಿಕ್ಕಿಕೊಂಡ ಫ್ಲೂಯಿಡ್ ಹಿಗ್ಗಿ, ಯಾರೂ ಒತ್ತದೆಯೇ ಕ್ಲಚ್ಚನ್ನು ಒತ್ತುತ್ತದೆ. ಎಂಜಿಬಿಯ ರಿಲೀಸ್ ಬೇರಿಂಗ್ ಗುಂಡುಗಳದ್ದಲ್ಲ, ಕಾರ್ಬನ್ ಬಿಲ್ಲೆ. ಸದಾ ಒತ್ತಿಕೊಂಡಿದ್ದರೆ ಸೀಮೆಸುಣ್ಣದಂತೆ ಸವೆಯುತ್ತದೆ. ಅದನ್ನು ಬದಲಿಸಲು ಎಂಜಿನ್ ಹೊರಗೆ ತೆಗೆಯಬೇಕು. ಕೆಲವೇ ಮಿಲಿಮೀಟರ್ ಅಳೆಯದೆ ಬಿಟ್ಟದ್ದಕ್ಕೆ ಇಷ್ಟು ದಂಡ.

ಒಳವ್ಯಾಸದ ಲೆಕ್ಕ ಇನ್ನೊಂದು. ಯಾವುದೋ ಕಾರಿನಲ್ಲಿ 5/8 ಇಂಚಿನದರ ಜಾಗಕ್ಕೆ 3/4 ಇಂಚಿನದು ಬಂತು ಎನ್ನಿ. ಕಣ್ಣಿಗೆ ವ್ಯತ್ಯಾಸ 3 ಮಿಲಿಮೀಟರ್ ಅಷ್ಟೆ. ಆದರೆ ಕೆಲಸ ಮಾಡುವುದು ವಿಸ್ತೀರ್ಣ, ವ್ಯಾಸವಲ್ಲ. ವಿಸ್ತೀರ್ಣ 1.44 ಪಟ್ಟಾಗುತ್ತದೆ, ಪೆಡಲೂ ಶೇ 44ರಷ್ಟು ಭಾರ, ಒಂದೇ ಒತ್ತಿಗೆ ಹೋಗುವ ಫ್ಲೂಯಿಡ್ ಕೂಡ ಶೇ 44 ಹೆಚ್ಚು. ‘ದೊಡ್ಡದು ಒಳ್ಳೆಯದು’ ಎನ್ನುವವರು ಪುಣೆಯ ಸಂಜೆಯ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಎಡಗಾಲಿಗೆ ಈ ಲೆಕ್ಕ ಕಲಿಸಲಿ. ಕಾಲು ಸಹಿಸಿಕೊಂಡರೂ ಸ್ಲೇವ್ ಸಿಲಿಂಡರ್ ಸಹಿಸಲಿಕ್ಕಿಲ್ಲ. ಅದರ ಪಿಸ್ಟನ್ ಅಳತೆ ಮೀರಿ ಹೊರಬರಬಹುದು.

ಪೈಪಿನ ನಟ್ಟು ಎಲ್ಲಕ್ಕಿಂತ ಕಳ್ಳ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಸಾಮಾನ್ಯವಾದ 3/8 ಇಂಚಿನ ಯುಎನ್‌ಎಫ್ ನಟ್ಟು 9.5 ಮಿಲಿಮೀಟರ್, ಇಂಚಿಗೆ 24 ಎಳೆ. ಮೆಟ್ರಿಕ್‌ನಲ್ಲಿ ಅದರ ಹತ್ತಿರದ್ದು 10 ಮಿಲಿಮೀಟರ್, ಇಂಚಿಗೆ ಸುಮಾರು 25 ಎಳೆ. ಇಂಚಿನ ನಟ್ಟು ಮೆಟ್ರಿಕ್ ತೂತಿಗೆ ಬೆರಳಲ್ಲೇ ಸಲೀಸಾಗಿ ಹೋಗುತ್ತದೆ, ಬಿಗಿಯಾದಂತೆಯೂ ಅನ್ನಿಸುತ್ತದೆ. ಆಮೇಲೆ ಎಳೆ ಕಿತ್ತು, ಸೋರಿದ ಫ್ಲೂಯಿಡ್ ಬಣ್ಣವನ್ನೂ ತಿನ್ನುತ್ತದೆ.

ಇದನ್ನೆಲ್ಲ ಕೇಳಿ ‘ಅದಕ್ಕೇ ಮೂಲದ್ದನ್ನು ಮುಟ್ಟಬಾರದು’ ಎನ್ನುವ ಮಡಿವಂತರಿದ್ದಾರೆ. ಅವರ ಮಾತು ಪೂರ್ತಿ ಒಪ್ಪುವಂಥದ್ದಲ್ಲ. ಒಳಗೋಡೆ ತುಕ್ಕು ತಿಂದು ಗುಳಿಬಿದ್ದ ಸಿಲಿಂಡರಿಗೆ ವರ್ಷಕ್ಕೊಂದು ಹೊಸ ರಬ್ಬರ್ ಸೀಲ್ ಹಾಕುತ್ತಾ ಹೋಗುವುದು ಭಕ್ತಿಯಿರಬಹುದು, ರಿಪೇರಿಯಲ್ಲ. ಭಾರತದ ಕಾನೂನಿಗೂ ಅಷ್ಟು ಮಡಿಯಿಲ್ಲ. 2021ರ ತಿದ್ದುಪಡಿಯಂತೆ ವಿಂಟೇಜ್ ಎನಿಸಿಕೊಳ್ಳಲು ಗಾಡಿಗೆ 50 ವರ್ಷ ದಾಟಿರಬೇಕು, ಅದು ಮೂಲರೂಪದಲ್ಲಿರಬೇಕು. ಛಾಸಿ, ಬಾಡಿ, ಎಂಜಿನ್ ಬದಲಿಸುವಂಥ ದೊಡ್ಡ ಮಾರ್ಪಾಡು ಆಗಿರಬಾರದು. ಕ್ಲಚ್ ಸಿಲಿಂಡರ್ ಆ ಮೂರರಲ್ಲಿ ಯಾವುದೂ ಅಲ್ಲ. ಆದರೆ ಅದನ್ನು ಕೂರಿಸಲೆಂದು ಬಾಡಿಯ ತಗಡಿಗೇ ಹೊಸ ತೂತು ಕೊರೆದರೆ ಮಾತು ಬೇರೆ. ನಡುವೆ ಒಂದು ಅಡಾಪ್ಟರ್ ಪ್ಲೇಟ್ ಹಾಕಿದರೆ ಕೊರೆಯುವ ಪ್ರಶ್ನೆಯೇ ಬಹುಪಾಲು ಇರುವುದಿಲ್ಲ.

ಅದಕ್ಕೂ ಮೊದಲು ಪೆಡಲಿಗೂ ರಾಡಿಗೂ ನಡುವಿನ ಪಿನ್ನನ್ನು ಕಳಚಿ ನೋಡಬೇಕು. ಐವತ್ತು ವರ್ಷದಲ್ಲಿ ಅದು ಸವೆದು, ಅದರ ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಕ್ಲಚ್ ಸರಿಯಾಗಿ ಬಿಡುತ್ತಿಲ್ಲ ಎಂದು ಸಿಲಿಂಡರ್ ಕೊಂಡವರಲ್ಲಿ ಎಷ್ಟೋ ಜನಕ್ಕೆ ಬೇಕಾಗಿದ್ದದ್ದು ಈ ಪಿನ್ನು. ಪಿನ್ನು ಸರಿಯಿದ್ದು ಸಿಲಿಂಡರೇ ಹೋಗಿದ್ದರೆ ಹೊಸದನ್ನು ಹಾಕಲಿ. ಕಳಚಿದ ಹಳೆಯದನ್ನು ಮಾತ್ರ ಗುಜರಿಗೆ ಕೊಡಬಾರದು. ಸ್ಟೇನ್‌ಲೆಸ್ ಸ್ಟೀಲಿನ ಸ್ಲೀವ್ ಹಾಕಿಸಿದರೆ ಅದೇ ಮತ್ತೆ ಓಡುತ್ತದೆ, ಅದರ ರಾಡಿನ ಉದ್ದವನ್ನೂ ಯಾರೂ ಅಳೆಯಬೇಕಾಗಿಲ್ಲ.